ಪಳ್ಳದ ನೀರು ಬಿಟ್ಟ ಆ ಕಣಿ ಮುಚ್ಚಿಸಿ: ನಮ್ಮ ಪಂಚಾಯತಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪಂಚಾಯತ್ ಅಧ್ಯಕ್ಷರಿಗೆ, ಕಾರ್ಯದರ್ಶಿಯವರಿಗೆ, ನಮ್ಮ ವಾರ್ಡ್ ಮೆಂಬರಿಗೆ, ಮತ್ತೆ ಪಾರ್ಕ್ ಕಮಿಟಿಯ ಎಲ್ಲರಿಗೂ ನಮಸ್ಕಾರ.

ನಾನು ಪದವಿನ, ಅಂದ್ರೆ ಚಪ್ಪಟೆ ತಲೆಯ ಕಲ್ಲುಗುಡ್ಡದ, ಕೆಳಗಿನ ಬೈಲಿನವಳು, ಪೇಟೆಯಲ್ಲಿ ಸಣ್ಣ ಹೊಲಿಗೆ ಅಂಗಡಿ ಉಂಟು. ಕಾಸರಗೋಡು ಜಿಲ್ಲೆಯ ಈ ಬಡಗು ಭಾಗದ ಪಂಚಾಯತಿನ ಹೆಸರು ಇಲ್ಲಿ ಬರೆಯುವುದಿಲ್ಲ, ಯಾರನ್ನೂ ನಾಲ್ಕು ಜನರ ಎದುರು ನಿಲ್ಲಿಸಿ ಸಣ್ಣ ಮಾಡುವ ಉದ್ದೇಶ ನನಗಿಲ್ಲ, ಓದ್ತಾ ಹೋದ ಹಾಗೆ ಯಾವ ಪಾರ್ಕು, ಮಳೆಗಾಲಕ್ಕೆ ನೀರು ನಿಲ್ಲುವ ಯಾವ ಪಳ್ಳ ಅಂತ ನಿಮಗೇ ಗೊತ್ತಾಗ್ತದೆ, ಅಷ್ಟು ಸಾಕು. ಪಳ್ಳದ ನೀರು ಹರಿದು ಹೋಗಲಿಕ್ಕೆ ಕಡಿದ ಕಣಿ, ಅಂದ್ರೆ ಚರಂಡಿ, ಮುಚ್ಚಿಸಿ ಅಂತ ಸೆಪ್ಟೆಂಬರಿನಲ್ಲಿ ಕನ್ನಡದಲ್ಲಿ ಒಂದು ಅರ್ಜಿ ಬರೆದು ತಂದೆ, ಕೌಂಟರಿನಲ್ಲಿದ್ದವರು ಮಲಯಾಳದಲ್ಲಿ ಬರೆದು ತನ್ನಿ ಅಂದ್ರು. ಗೊತ್ತಿರುವವರ ಕೈಯಲ್ಲಿ ಬರೆಸಿ ಮತ್ತೆ ತಂದು ಕೊಟ್ಟೆ, ಸೀಲ್ ಹಾಕಿದ್ರು, ಅದಾಗಿ ಐದು ವಾರ ಆಯ್ತು, ಒಂದು ಫೋನ್ ಇಲ್ಲ, ಒಂದು ಉತ್ತರ ಇಲ್ಲ. ಮಳೆಗಾಲ ಮುಗಿಯುವ ಮೊದಲು ಆಗಬೇಕಾದ ಕೆಲಸ ಇದು, ಕಾದು ಕೂತ್ರೆ ಈ ವರ್ಷ ಕೈ ಬಿಟ್ಟು ಹೋಗ್ತದೆ, ಹಾಗಾಗಿ ಎಲ್ಲರಿಗೂ ಕಾಣುವ ಹಾಗೆ ಬರೀತಾ ಇದ್ದೇನೆ.

ಮೊದಲು ಆ ದಾರಿ ನಮಗೆ ಎಂತ ಅಂತ ಹೇಳ್ತೇನೆ. ನನ್ನ ಅತ್ತೆಗೆ 72 ವರ್ಷ, ಎರಡೂ ಮೊಣಗಂಟು ನೋವು, ಡಾಕ್ಟ್ರು ಹೇಳಿದ್ದು ಏರು ತಗ್ಗು ಇಲ್ಲದ ಕಡೆ ದಿನಾ ಅರ್ಧ ಗಂಟೆ ನಡೀರಿ ಅಂತ. ನಮ್ಮ ಕಡೆ ಏರು ತಗ್ಗು ಇಲ್ಲದ ಜಾಗ ಎಲ್ಲಿ ಉಂಟು, ಮನೆ ಮೆಟ್ಟಿಲು ಇಳಿದ್ರೆ ಗುಡ್ಡ, ಗುಡ್ಡ ಇಳಿದ್ರೆ ತೋಡು, ಹೈವೇ ಆರು ಲೇನ್ ಆದ ಮೇಲೆ ಅದರ ಬದಿಯಲ್ಲಿ ವಯಸ್ಸಾದವರು ನಡೆಯುವುದು ಆಗಿ ಹೋಗುವ ಮಾತಲ್ಲ. ಪುಣ್ಯಕ್ಕೆ ಪದವಿನ ಮೇಲೆ ಪಾರ್ಕ್ ಇತ್ತು. ಗೇಟಿನ ವರೆಗೆ ಸ್ಕೂಟರಿನಲ್ಲಿ ಕರ್ಕೊಂಡು ಹೋಗುವುದು, ಅಲ್ಲಿಂದ ಗೇರು ಮರಗಳ ನೆರಳಲ್ಲಿ ಗೋಳಿಮರದ ವರೆಗೆ, ಆಮೇಲೆ ಬಯಲು ಪಾರೆ, ಅಂದ್ರೆ ಹಾಸುಕಲ್ಲು, ಪಾರೆಯ ನಡುವೆ ಪಳ್ಳ, ಪಳ್ಳಕ್ಕೆ ಒಂದು ಸುತ್ತು ಬಂದು ವಾಪಸ್. ನಿಧಾನಕ್ಕೆ ನಡೆದ್ರೆ ನಲವತ್ತು ನಿಮಿಷ. ಒಂದು ಮೆಟ್ಟಿಲು ಹತ್ತಲಿಕ್ಕಿಲ್ಲ, ಒಂದು ಕಡೆ ಉಸಿರು ಕಟ್ಟುವುದಿಲ್ಲ. ನಾಲ್ಕು ವರ್ಷ ನಾವಿಬ್ಬರು ಹೀಗೆ ನಡೆದಿದ್ದೇವೆ, ಮಳೆ ಬರ್ತಾ ಇದ್ರೂ ಕೊಡೆ ಹಿಡ್ಕೊಂಡು ಹೋಗಿದ್ದುಂಟು.

ಆ ಪಳ್ಳವನ್ನು ಒಂದು ವರ್ಷ ಇಡೀ ನೋಡಿದವರಿಗೆ ಮಾತ್ರ ಅದು ಎಂತ ಅಂತ ಗೊತ್ತಾಗ್ತದೆ. ಏಪ್ರಿಲ್ ಮೇ ಹೋಗಿ ನೋಡಿದ್ರೆ ಕಪ್ಪು ಕಟ್ಟಿದ ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಒಣಗಿದ ಮುಳಿಹುಲ್ಲು, ಪಾದ ಸುಡ್ತದೆ, ಇದನ್ನು ನೋಡಿ ಪಾಳು ಜಾಗ ಅಂತ ಯಾರಾದ್ರೂ ಹೇಳಿದ್ರೆ ಅವರ ತಪ್ಪಲ್ಲ. ಜೂನಿನಲ್ಲಿ ನಾಲ್ಕು ದೊಡ್ಡ ಮಳೆ ಬಿದ್ದು ತಗ್ಗಿನಲ್ಲಿ ನೀರು ನಿಂತಿತು ಅಂತಾದ್ರೆ ಆ ರಾತ್ರಿಯಿಂದ ಕಪ್ಪೆಗಳದ್ದು ಎಂತ ಬೊಬ್ಬೆ ಅಂತೀರಿ, ನಮ್ಮ ಬೈಲಿಗೆ ಕೇಳ್ತದೆ. ಜುಲೈಗೆ ನೀರಿನ ಅಂಚೆಲ್ಲ ಗೊದಮೊಟ್ಟೆ. ಆಗಸ್ಟ್ ಆಗುವಾಗ ಪಾರೆಯ ತೆಳು ಮಣ್ಣಿನಲ್ಲಿ ಸಣ್ಣ ಸಣ್ಣ ನೀಲಿ ಹೂ ಚಾಪೆ ಹಾಸಿದ ಹಾಗೆ, ಮಲಯಾಳದಲ್ಲಿ ಕಾಕ್ಕಪ್ಪೂವು ಅಂತಾರೆ, ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಮಕ್ಕಳು ಕೊಯ್ಯುವುದು ಅದನ್ನೇ. ಅದು ಕೀಟ ತಿನ್ನುವ ಗಿಡ. ಬೇರಿನ ಹತ್ತಿರ ಸಾಸಿವೆಗಿಂತ ಸಣ್ಣ ಚೀಲಗಳು ಉಂಟು, ನೀರಿನಲ್ಲಿ ಕಣ್ಣಿಗೆ ಕಾಣದ ಹುಳ ತಾಗಿದ ಕೂಡಲೇ ಒಳಗೆ ಎಳ್ಕೊಳ್ತದೆ, ಮುರಕಲ್ಲಿನ ಮಣ್ಣಿನಲ್ಲಿ ಸಾರ ಇಲ್ಲದ ಕಾರಣ ಹಾಗೆ ಬದುಕುವುದು. ಶಾಲೆಗೆ ಹೋಗುವ ನನ್ನ ಮಗ ಇದನ್ನು ಹೇಳಿದಾಗ ನಾನು ನಂಬಲಿಲ್ಲ, ಆಮೇಲೆ ಅವನೇ ಒಂದು ಗಿಡ ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದು ತೋರಿಸಿದ, ನೂಲಿಗೆ ಪೋಣಿಸಿದ ಮಣಿಗಳ ಹಾಗೆ ಕಂಡಿತು.

ಮಳೆ ಸ್ವಲ್ಪ ಬಿಟ್ಟಾಗ ತುಂಬಿಗಳು (ಡ್ರ್ಯಾಗನ್‌ಫ್ಲೈ) ಬರ್ತವೆ, ಮಕ್ಕಳು ಹೆಲಿಕಾಪ್ಟರ್ ಅಂತಾರಲ್ಲ ಅದು. ಹಳದಿ ಬಣ್ಣದ ಒಂದು ಜಾತಿಗೆ ಮಲಯಾಳದಲ್ಲಿ ತುಲಾತ್ತುಂಬಿ ಅಂತಲೇ ಹೆಸರು, ತುಲಾ ತಿಂಗಳಿನಲ್ಲಿ (ಅಕ್ಟೋಬರ್-ನವೆಂಬರ್) ಗುಂಪು ಗುಂಪು ಕಾಣುವುದಕ್ಕೆ. ಹಿಂಗಾರಿನ ಗಾಳಿ ಹಿಡಿದು ಇದೇ ತುಂಬಿ ಮಾಲ್ಡೀವ್ಸ್ ದಾಟಿ ಆಫ್ರಿಕಾ ವರೆಗೆ ಸಮುದ್ರದ ಮೇಲೆ ಹೋಗ್ತದೆ ಅಂತ ತಿಳಿದವರು ಬರೆದಿದ್ದಾರೆ. ಅಷ್ಟು ದೂರ ಹೋಗುವ ಜೀವ ಮೊಟ್ಟೆ ಇಡಲಿಕ್ಕೆ ಹುಡುಕುವುದು ದೊಡ್ಡ ಕೆರೆಯನ್ನಲ್ಲ, ಇಂಥ ಮಳೆನೀರಿನ ಹೊಂಡವನ್ನು, ಯಾಕಂದ್ರೆ ಬೇಸಿಗೆಗೆ ಒಣಗುವ ಹೊಂಡದಲ್ಲಿ ಮರಿ ತಿನ್ನುವ ಮೀನು ಕಡಿಮೆ. ಒಂದೂವರೆ ಎರಡು ತಿಂಗಳು ನೀರು ನಿಂತ್ರೆ ಅದಕ್ಕೆ ಸಾಕು. ಅಷ್ಟು ಮಾತ್ರ ಅದು ಕೇಳುವುದು.

ಈಗ ನಡೆದ ಸಂಗತಿಗೆ ಬರ್ತೇನೆ, ಕಣ್ಣಾರೆ ಕಂಡದ್ದು ಮಾತ್ರ ಬರೆಯುವುದು. ಆಗಸ್ಟ್ ಮೊದಲ ವಾರ, ಆಟಿ ತಿಂಗಳ ನಡುವೆ ನಾಲ್ಕೈದು ದಿನ ಮಳೆ ಬಿಟ್ಟಿತ್ತಲ್ಲ, ಆಗ ಬೆಳಿಗ್ಗೆ ನಾವು ಹೋಗುವಾಗ ಗೇಟಿನ ಒಳಗೆ ಜೆಸಿಬಿ. ಓಣಂ ಮೊದಲು ದಾರಿ ಉದ್ಘಾಟನೆ ಆಗಬೇಕು, ಪಾರೆ ಉದ್ದಕ್ಕೂ ಇಂಟರ್‌ಲಾಕ್ ಹಾಕಲಿಕ್ಕೆ ಉಂಟು, ನೀರು ನಿಂತ್ರೆ ಕೆಲಸ ಆಗುವುದಿಲ್ಲ ಅಂತ ಡ್ರೈವರ್ ಹೇಳಿದ. ಪಳ್ಳದ ಪಡುವಣ ಬದಿಯಲ್ಲಿ ಒಂದು ಕಲ್ಲಿನ ಅಂಚು ಇತ್ತು, ಹೆಚ್ಚಾದ ನೀರು ಅದರ ಮೇಲಿಂದ ತೆಳ್ಳಗೆ ಹರಿದು ಹೋಗುವುದು, ಕೆರೆಯ ಕೋಡಿ ಇದ್ದ ಹಾಗೆ. ಅದನ್ನು ಒಡೆದು ಒಂದು ಆಳು ಆಳಕ್ಕೆ ಕಣಿ ಕಡಿದ್ರು. ಮಧ್ಯಾಹ್ನದ ಒಳಗೆ ಪಳ್ಳ ಖಾಲಿ.

ಮರುದಿನ ಹೋದಾಗ ಕಂಡದ್ದು ಹೇಳದೆ ಇರಲಿಕ್ಕೆ ಆಗುವುದಿಲ್ಲ. ನಡುವಿನ ಎರಡು ಮೂರು ಗುಳಿಯಲ್ಲಿ ಮಾತ್ರ ಬೊಗಸೆ ಬೊಗಸೆ ನೀರು, ಅದರಲ್ಲಿ ನೀರಿಗಿಂತ ಹೆಚ್ಚು ಗೊದಮೊಟ್ಟೆ, ಒಂದರ ಮೇಲೆ ಒಂದು, ಬಾಲ ಹೊಡೀತಾ ಇತ್ತು, ಕೆಲವಕ್ಕೆ ಹಿಂದಿನ ಕಾಲು ಬಂದಿತ್ತು. ಇನ್ನು ಎಂಟು ಹತ್ತು ದಿನ ಸಿಕ್ಕಿದ್ರೆ ಹಾರಿ ಹೋಗ್ತಾ ಇದ್ದವು. ಅಂಚಿನಲ್ಲಿ ಒಣಗಿದ್ದು ಕಲ್ಲಿಗೆ ಅಂಟಿ ಕರ್ರಗೆ ಎಳ್ಳು ಚೆಲ್ಲಿದ ಹಾಗೆ ಬಿದ್ದಿತ್ತು. ಅತ್ತೆ ಸೆರಗು ಒದ್ದೆ ಮಾಡಿ ಒಂದಷ್ಟನ್ನು ಎತ್ತಿದ್ರು, ನನ್ನ ನೀರಿನ ಬಾಟಲಿಯಲ್ಲಿ ತುಂಬಿಸಿ ಕೆಳಗೆ ತೋಡಿಗೆ ಬಿಟ್ಟೆವು. ಎಷ್ಟು ಬದುಕಿತು ಗೊತ್ತಿಲ್ಲ. ಅತ್ತೆ ಆ ದಿನ ಬೆಳಗ್ಗಿನ ತಿಂಡಿ ತಿನ್ನಲಿಲ್ಲ.

ಆಮೇಲಿನದ್ದು ಬೇಗ ಹೇಳಿ ಮುಗಿಸ್ತೇನೆ. ಪಾರೆಯ ಮೇಲೆ ರೋಲರ್ ಹೋಯ್ತು, ನೀಲಿ ಹೂವಿನ ಜಾಗಕ್ಕೆ ಜಲ್ಲಿ ಪುಡಿ ಬಿತ್ತು, ಇಂಟರ್‌ಲಾಕ್ ಬಂತು, ಎರಡು ಬದಿ ಎಲ್‌ಇಡಿ ಕಂಬ ಬಂತು, ಒಂದು ಫೋಟೋ ತೆಗೆಯುವ ಜಾಗ ಬಂತು. ಉದ್ಘಾಟನೆಯ ದಿನ ತುಂಬ ಜನ ಬಂದಿದ್ರು, ಮಕ್ಕಳಿಗೆ ಖುಷಿಯೂ ಆಯ್ತು, ಆಗಲಿಲ್ಲ ಅಂತ ನಾನು ಹೇಳುವುದಿಲ್ಲ.

ಮಣ್ಣಿನ ದಾರಿಯಲ್ಲಿ ವಯಸ್ಸಾದವರು ಜಾರಿ ಬೀಳ್ತಾರೆ, ಅವರಿಗಾಗಿಯೇ ಇಂಟರ್‌ಲಾಕ್ ಅಂತ ಕಮಿಟಿಯ ಒಬ್ಬರು ನನಗೆ ಹೇಳಿದ್ರು. ನಮ್ಮ ಮಳೆಯಲ್ಲಿ ಇಂಟರ್‌ಲಾಕಿಗೆ ಪಾಚಿ ಹಿಡಿಯಲಿಕ್ಕೆ ಎಷ್ಟು ದಿನ ಬೇಕು, ಅಂಗಳಕ್ಕೆ ಹಾಕಿಸಿದವರನ್ನು ಕೇಳಿ ನೋಡಿ. ನಾಲ್ಕು ವರ್ಷ ಒರಟು ಮುರಕಲ್ಲಿನ ಮೇಲೆ ಸವೆದ ಚಪ್ಪಲಿಯಲ್ಲಿ ನಡೆದ ನನ್ನ ಅತ್ತೆ ಒಂದು ಸಲ ಎಡವಲಿಲ್ಲ, ಸೆಪ್ಟೆಂಬರ್ ಎರಡನೇ ವಾರ ಆ ಹೊಸ ದಾರಿಯಲ್ಲಿ ಜಾರಿ ಕೈ ಊರಿ ಬಿದ್ರು, ಬಲಗೈ ಮಣಿಗಂಟು ಫ್ರಾಕ್ಚರ್, ಆರು ವಾರದ ಪ್ಲಾಸ್ಟರ್. ಈಗ ಅವರು ಮನೆ ಜಗಲಿಯಲ್ಲೇ ಆಚೆ ಈಚೆ ನಡೆಯುವುದು. ದುಡ್ಡು ಕೊಡಿ ಅಂತ ನಾನು ಕೇಳ್ತಾ ಇಲ್ಲ. ಯಾರಿಗೋಸ್ಕರ ಮಾಡಿದ್ದು ಅಂತ ಹೇಳಿದಿರೋ ಅವರನ್ನೇ ಒಂದು ಮಾತು ಕೇಳಿ ಮಾಡಬಹುದಿತ್ತು, ಕಲ್ಲು ಯಾವುದು ಜಾರ್ತದೆ ಯಾವುದು ಜಾರುವುದಿಲ್ಲ ಅಂತ ಅವರ ಕಾಲಿಗೆ ಗೊತ್ತುಂಟು.

ಇನ್ನೊಂದು ಮಾತು ಬಂದದ್ದು ಸೊಳ್ಳೆ, ಡೆಂಗಿ. ನೀರು ನಿಂತ್ರೆ ಡೆಂಗಿ ಬರ್ತದೆ, ಹಾಗಾಗಿ ಬಿಟ್ಟದ್ದು ಅಂತ. ಡೆಂಗಿಯ ಸೊಳ್ಳೆ ಮೊಟ್ಟೆ ಇಡುವುದು ಹೆಚ್ಚಾಗಿ ತೆಂಗಿನ ಚಿರಟೆ, ಟಯರ್, ಅಡಿಕೆ ಹಾಳೆ, ರಬ್ಬರ್ ಚಿಪ್ಪು, ಹೂಚಟ್ಟಿ, ಇಂಥ ಸಣ್ಣ ಪಾತ್ರದ ನೀರಿನಲ್ಲಿ. ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆಯರು ವರ್ಷ ವರ್ಷ ಇದನ್ನೇ ಹೇಳುವುದು, ನಾವು ಮಗುಚಿ ಹಾಕುವುದೂ ಅದನ್ನೇ. ಪಳ್ಳದಲ್ಲಿ ತುಂಬಿಯ ಮರಿ ಇರ್ತದೆ, ಸೊಳ್ಳೆಯ ಹುಳ ಅದರ ಆಹಾರ. ಈಗ ಹೋಗಿ ನೋಡಿ, ಕೆಲಸದವರು ಬಿಟ್ಟು ಹೋದ ಸಿಮೆಂಟ್ ಬಕೆಟ್ ಆರು, ಮಡಚಿ ಬಿಸಾಡಿದ ಟರ್ಪಾಲ್ ಎರಡು, ಒಂದೊಂದರಲ್ಲೂ ನೀರು, ಒಂದೊಂದರಲ್ಲೂ ಹುಳ ಕುಣೀತಾ ಉಂಟು. ನಾನೇ ನಾಲ್ಕು ಬಕೆಟ್ ಮಗುಚಿ ಬಂದೆ.

ಈ ಪತ್ರ ಬರೆಯಲೇಬೇಕು ಅಂತ ನನಗೆ ಅನಿಸಿದ್ದು ಬಾವಿ ನೋಡಿದ ಮೇಲೆ. ನಮ್ಮದು ಪದವಿನ ಪಡುವಣ ತಪ್ಪಲು, ಮನೆ ಬಾವಿ ಮುರಕಲ್ಲಿನಲ್ಲಿ ಕಡಿದದ್ದು. ಅತ್ತೆಗೆ ಒಂದು ಅಭ್ಯಾಸ, ಪ್ರತಿ ವರ್ಷ ತುಲಾ ಸಂಕ್ರಮಣದ ದಿನ ಕೊಡಪಾನ ಇಳಿಸಿ ನೀರು ಮುಟ್ಟಿದ ಕಡೆ ಹಗ್ಗಕ್ಕೆ ನನ್ನ ಅಂಗಡಿಯ ಬಟ್ಟೆ ತುಂಡು ಕಟ್ಟುವುದು, ಬೇಸಿಗೆಗೆ ಎಷ್ಟು ನೀರು ಉಳೀತದೆ ಅಂತ ಅದರಲ್ಲಿ ಅವರಿಗೆ ಅಂದಾಜು ಸಿಗ್ತದೆ. ಹಗ್ಗ ಬದಲಾದ್ರೂ ಹಳೆ ಹಗ್ಗದ ಪಕ್ಕ ಹಿಡಿದು ಗುರುತು ಹೊಸದಕ್ಕೆ ದಾಟಿಸ್ತಾರೆ. ಈ ಸಲ ಪ್ಲಾಸ್ಟರ್ ಹಾಕಿದ ಕೈ ಆದ ಕಾರಣ ನಾನು ಇಳಿಸಿದೆ. ಕಳೆದ ವರ್ಷದ ಕೆಂಪು ತುಂಡು ರಾಟೆ ದಾಟಿ ಒಳಗೆ ಹೋಯ್ತು, ಹೋಗ್ತಾ ಹೋಗ್ತಾ ಇನ್ನೂ ಎರಡು ಮೊಳ ಇಳಿದ ಮೇಲೆ ಕೊಡಪಾನಕ್ಕೆ ನೀರು ತಾಗಿದ ಸದ್ದು ಬಂತು. ಅತ್ತೆ ಪಕ್ಕದಲ್ಲಿ ನಿಂತು ಕೇಳ್ತಾ ಇದ್ರು, ಎಂತದೂ ಮಾತಾಡಲಿಲ್ಲ. ಮಳೆ ಕಡಿಮೆ ಆದ ಕಾರಣ ಇರಬಹುದಾ ಅಂತ ನಾನೂ ಯೋಚನೆ ಮಾಡಿದೆ. ಪದವಿನ ಮೂಡು ಬದಿಯ ಬೈಲಿನಲ್ಲಿ ನಾದಿನಿ ಮನೆ, ಅಲ್ಲಿ ಬಿದ್ದದ್ದು ಇದೇ ಮಳೆ, ಅವರ ಬಾವಿ ಯಾವಾಗಿನ ಹಾಗೆಯೇ ಉಂಟು. ನಮ್ಮ ಬದಿಯ ನಾಲ್ಕು ಮನೆಯಲ್ಲಿ ಕೇಳಿದೆ, ನಾಲ್ಕೂ ಕಡೆ ಕೆಳಗೆ.

ಇದರಲ್ಲಿ ಆಶ್ಚರ್ಯ ಎಂತದೂ ಇಲ್ಲ. ಕೇರಳದ 44 ಹೊಳೆಯಲ್ಲಿ 12 ನಮ್ಮ ಒಂದು ಜಿಲ್ಲೆಯಲ್ಲೇ ಉಂಟು, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳ್ತದೆ, ಹಾಗಿದ್ದೂ ಏಪ್ರಿಲ್ ಆಗುವಾಗ ಟ್ಯಾಂಕರಿಗೆ ಕಾಯ್ತೇವೆ. ಗುಡ್ಡದಿಂದ ಸಮುದ್ರಕ್ಕೆ ದೂರ ಕಡಿಮೆ, ಬಿದ್ದ ನೀರು ಒಂದೇ ಓಟಕ್ಕೆ ಹೋಗ್ತದೆ. ಆ ಓಟವನ್ನು ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸುವುದು ಪದವಿನ ಮೇಲಿನ ಇಂಥ ಪಳ್ಳಗಳು. ಮೇಲಿನ ಕಲ್ಲು ಗಟ್ಟಿ, ಕೆಳಗೆ ತೂತು ಬಿರುಕು, ನಿಂತ ನೀರು ದಿನಾ ಇಷ್ಟಿಷ್ಟೇ ಇಳೀತದೆ, ಅದೇ ಕೆಳಗೆ ಬಾವಿಗೆ ಬರುವುದು, ಸುರಂಗದಲ್ಲಿ ತೊಟ್ಟಿಕ್ಕುವುದು, ಬೈಲಿನ ತೋಡಿನಲ್ಲಿ ಜನವರಿ ವರೆಗೆ ಕಾಣುವುದು. ನಮ್ಮ ಹಿರಿಯರು ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ನೀರು ತಂದದ್ದು, ಈ ಜಿಲ್ಲೆಯಲ್ಲಿ ಸುರಂಗಗಳು ಸಾವಿರಗಟ್ಟಲೆ ಉಂಟು, ಹೊರಗಿನಿಂದ ಜನ ಬಂದು ನೋಡಿ ಹೋಗ್ತಾರೆ. ಸುರಂಗದಲ್ಲಿ ಹನಿಯುವ ನೀರು ಮೇಲೆ ಗುಡ್ಡದ ತಲೆಯಲ್ಲಿ ಇಂಗಿದ್ದು. ಮೇಲೆ ಕಣಿ ಕಡಿದ್ರೆ ಕೆಳಗೆ ಒಣಗ್ತದೆ.

ಕಳೆನಾಶಕದ ವಿಷಯ ನನಗೆ ಬರೆಯಲಿಕ್ಕೇ ಕಷ್ಟ ಆಗ್ತದೆ. ಸೆಪ್ಟೆಂಬರ್ ಕೊನೆಗೆ ಒಬ್ಬರು ಬೆನ್ನಿಗೆ ಪಂಪ್ ಕಟ್ಕೊಂಡು ದಾರಿಯ ಎರಡು ಬದಿ ಹೊಡೀತಾ ಬಂದ್ರು, ಎಂತದು ಅಂತ ಕೇಳಿದ್ರೆ ಹುಲ್ಲಿನ ಮದ್ದು ಅಂದ್ರು, ಹೆಸರು ಗೊತ್ತಿಲ್ಲ ಅಂದ್ರು, ಮುಖಕ್ಕೆ ಒಂದು ಬಟ್ಟೆ ಕೂಡ ಇರಲಿಲ್ಲ. ವಾರದಲ್ಲಿ ಪಳ್ಳದ ಅಂಚಿನ ಹುಲ್ಲೆಲ್ಲ ಹಳದಿ, ಆಮೇಲೆ ಕಂದು. ನನ್ನ ತವರು ಎಣ್ಮಕಜೆ ಕಡೆ. ನಾನು ಸಣ್ಣದಿರುವಾಗ ಗೇರು ಗುಡ್ಡದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆಯುವ ದಿನ ಅಮ್ಮ ಓಡಿ ಹೋಗಿ ಬಾವಿಗೆ ತೆಂಗಿನ ಮಡಲು ಹಾಸ್ತಾ ಇದ್ರು, ಮಡಲಿನ ಮೇಲೆ ಹಳೆ ಗೋಣಿ. ಮಡಲು ಹಾಸಿದ್ರೆ ಬಾವಿ ಉಳೀತದೆ ಅಂತ ಆಗ ನಂಬಿದ್ದೆವು. ಇಪ್ಪತ್ತು ವರ್ಷದ ಮೇಲೆ ಹಾಗೆ ಹೊಡೆದು 2000ದ ಹೊತ್ತಿಗೆ ನಿಂತಿತು, ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕುವಾಗ 2011. ಆಗ ಸುತ್ತಮುತ್ತ ಹುಟ್ಟಿದ ಮಕ್ಕಳಿಗೆ ಏನಾಯ್ತು ಅಂತ ಈ ಜಿಲ್ಲೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎರಡೂ ಒಂದೇ ವಿಷ ಅಂತ ನಾನು ಹೇಳ್ತಾ ಇಲ್ಲ. ಆದ್ರೆ ಹುಲ್ಲು ಕೊಲ್ಲುವ ಗ್ಲೈಫೋಸೇಟನ್ನು 2019ರಲ್ಲಿ ಕೇರಳ ಸರಕಾರವೇ ನಿಷೇಧ ಮಾಡಿದೆ, ಅದಾದ ಮೇಲೂ ಕಾಸರಗೋಡಿನ ಒಂದು ಪಂಚಾಯತ್ ಪಾರ್ಕಿನಲ್ಲಿ, ಕೆಳಗಿನ ಮನೆಗಳ ಬಾವಿಗೆ ಇಳಿಯುವ ನೀರಿನ ಅಂಚಿನಲ್ಲಿ, ಹೆಸರು ಗೊತ್ತಿಲ್ಲದ ಮದ್ದು ಹೊಡೆಸುವುದು ಹೇಗೆ ಸಾಧ್ಯ ಆಯ್ತು? ಉದ್ಯೋಗ ಖಾತರಿಯ ಹೆಂಗಸರು ಕತ್ತಿ ಹಿಡಿದ್ರೆ ಎರಡು ದಿನದ ಕೆಲಸ ಅದು.

ಅಧ್ಯಕ್ಷರೇ, ಕಾನೂನು ನನಗಿಂತ ನಿಮಗೆ ಹೆಚ್ಚು ಗೊತ್ತು. 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣೆ ಕಾಯ್ದೆಯಲ್ಲಿ ಜೌಗುಭೂಮಿ ಅಂದ್ರೆ ಕಾಯಲು (ಹಿನ್ನೀರು), ಅಳಿವೆ, ಕಾಂಡ್ಲ ಕಾಡು ಮಾತ್ರ ಅಲ್ಲ, ತೆಳ್ಳಗೆ ನೀರು ನಿಲ್ಲುವ ಭೂಮಿಯೂ ಆ ವ್ಯಾಖ್ಯೆಯ ಒಳಗೆ ಬರ್ತದೆ, ಅಂಥ ಜಾಗವನ್ನು ಇದ್ದ ಹಾಗೆ ಉಳಿಸಬೇಕು ಅಂತ ಬರೆದುಂಟು. ಅದನ್ನು ನೋಡಿಕೊಳ್ಳುವ ಸ್ಥಳೀಯ ಸಮಿತಿಗೆ ಅಧ್ಯಕ್ಷರು ಪಂಚಾಯತ್ ಅಧ್ಯಕ್ಷರೇ, ಅಂದ್ರೆ ನೀವೇ, ಕೃಷಿ ಆಫೀಸರ್ ಅದರ ಸಂಚಾಲಕರು. ಜೀವವೈವಿಧ್ಯ ಸಮಿತಿ ಬೇರೆ ಉಂಟು, ಊರಿನ ಗಿಡ ಮರ ಪ್ರಾಣಿಗಳ ದಾಖಲೆ ಪುಸ್ತಕ ಪಂಚಾಯತಿನಲ್ಲೇ ಇರಬೇಕು. ಆ ಪುಸ್ತಕದಲ್ಲಿ ನಮ್ಮ ಪಳ್ಳದ ಹೆಸರು ಉಂಟಾ? ಇಲ್ಲದಿದ್ರೆ ಬರೆಸಿಕೊಳ್ಳಿ, ನೋಡಿದ್ದನ್ನು ಹೇಳಲಿಕ್ಕೆ ಅತ್ತೆಯಂಥವರು ಊರಲ್ಲಿ ಇನ್ನೂ ಹತ್ತು ಜನ ಇದ್ದಾರೆ. 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಒಂದು ಮರ, ಹೂ, ಹಕ್ಕಿ, ಜೀವಿ ಅಂತ ಘೋಷಣೆ ಮಾಡಿತು, ಕಾಸರಕ ಮರ, ಪೆರಿಯದ ಪೋಳತ್ತಾಳಿ ಹೂ, ಬಿಳಿ ಹೊಟ್ಟೆಯ ಕಡಲ ಹದ್ದು, ಹೊಳೆಯ ದೊಡ್ಡ ಮೆದುಚಿಪ್ಪಿನ ಆಮೆ. ಪತ್ರಿಕೆಯಲ್ಲಿ ಓದಿ ನನಗೆ ಹೆಮ್ಮೆ ಆಯ್ತು. ಹದ್ದು ಆಮೆ ನೀರನ್ನು ನಂಬಿ ಬದುಕುವಂಥವು, ಆ ಹೂ ಮುರಕಲ್ಲು ಗುಡ್ಡದ ಮಳೆಗಾಲದ ತೋಡಿನಲ್ಲಿ ಅರಳುವಂಥದ್ದು. ಜಿಲ್ಲೆಯ ಹೂ ಅಂತ ಹೆಸರು ಕೊಟ್ಟವರು ಅಂಥ ನೀರು ನಿಲ್ಲುವ ಜಾಗವನ್ನೂ ನಮ್ಮದು ಅಂತ ನೋಡಬೇಕಲ್ಲ.

ಇನ್ನು ಬೋರ್ಡಿನ ವಿಷಯ. ಹೊಸ ದಾರಿಯಲ್ಲಿ ಏಳು ಬೋರ್ಡ್ ಹಾಕಿದ್ದೀರಿ, ಏಳರಲ್ಲೂ ಮಲಯಾಳ ಮತ್ತು ಇಂಗ್ಲಿಷ್. ಪಳ್ಳ ಇದ್ದ ಕಡೆ ಇರುವ ಬೋರ್ಡಿನಲ್ಲಿ ಲೇಕ್ ವ್ಯೂ ಅಂತ ಉಂಟು. ನಮಗೆ ಅದು ಪಳ್ಳ, ಮಲಯಾಳ ಮಾತಾಡುವ ನೆರೆಯವರಿಗೆ ಪಳ್ಳಂ, ತುಳುವಿನಲ್ಲೂ ಪಳ್ಳವೇ. ಮೂರು ಭಾಷೆಯವರು ಒಂದೇ ಹೆಸರಿನಲ್ಲಿ ಕರೆಯುವ ಜಾಗಕ್ಕೆ ಯಾರದ್ದೂ ಅಲ್ಲದ ಹೆಸರು ಯಾಕೆ ಬಂತು? ಲೇಕ್ ಅಂತ ಬರೆದ್ರೆ ಬಂದವರು ವರ್ಷ ಇಡೀ ನೀರು ಇರಬೇಕು ಅಂತ ಹುಡುಕ್ತಾರೆ, ಬೇಸಿಗೆಯಲ್ಲಿ ಒಣಗಿದ್ದು ಕಂಡ್ರೆ ಸತ್ತ ಕೆರೆ ಅಂತ ಹೇಳಿ ಹೋಗ್ತಾರೆ. ಪಳ್ಳ ಅಂದ ಕೂಡಲೇ ನಮ್ಮವರಿಗೆ ಗೊತ್ತು, ಮಳೆಗಾಲಕ್ಕೆ ತುಂಬ್ತದೆ, ಬೇಸಿಗೆಗೆ ಆರ್ತದೆ, ಅದು ಇರುವುದೇ ಹಾಗೆ. ಅತ್ತೆ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸ್ ವರೆಗೆ ಓದಿದವರು, ಬೋರ್ಡ್ ಕಂಡಲ್ಲೆಲ್ಲ ನಿಂತು ಓದುವ ಆಸೆ ಅವರಿಗೆ. ಮೊದಲನೇ ಬೋರ್ಡಿನ ಎದುರು ನಿಂತು ಮೇಲಿಂದ ಕೆಳಗೆ ನೋಡಿ ನಮ್ಮ ಅಕ್ಷರ ಇಲ್ಲ ಅಲ್ವಾ ಅಂತ ಕೇಳಿದ್ರು, ಆಮೇಲೆ ಉಳಿದ ಆರು ಬೋರ್ಡಿನ ಹತ್ರ ನಿಲ್ಲಲಿಲ್ಲ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರು ಈ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು ಅಂತ ಉಂಟು, ಹಾಗಿರುವಾಗ ಕೌಂಟರಿನಲ್ಲಿ ನನ್ನ ಅರ್ಜಿ ವಾಪಸ್ ಕೊಡಬಾರದಿತ್ತು. ಮಲಯಾಳ ತೆಗೆಯಿರಿ ಅಂತ ನಾನು ಕನಸಿನಲ್ಲೂ ಹೇಳುವವಳಲ್ಲ, ನನ್ನ ಅಂಗಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಮಲಯಾಳದವರು, ನನ್ನ ಮಲಯಾಳದ ಅರ್ಜಿ ಬರೆದು ಕೊಟ್ಟದ್ದೂ ಅವರಲ್ಲೇ ಒಬ್ಬರು, ಪಳ್ಳ ಖಾಲಿ ಆದ ದಿನ ನನಗಿಂತ ಮೊದಲು ಬೇಸರ ಮಾಡಿದ್ದೂ ಅವರೇ. ಪಕ್ಕದಲ್ಲಿ ಕನ್ನಡವೂ ಇರಲಿ.

ನಾವು ಕೇಳುವುದು ಇಷ್ಟು. ಎಲ್ಲಕ್ಕಿಂತ ಮೊದಲು ಆ ಕಣಿ ಮುಚ್ಚಬೇಕು, ಈ ವಾರವೇ. ತುಲಾ ತಿಂಗಳ ಗುಡುಗು ಮಳೆ ಶುರು ಆಗಿದೆ, ಇನ್ನು ಮೂರು ನಾಲ್ಕು ವಾರ ಸಂಜೆ ಸಂಜೆ ಬರಬಹುದು. ಇವತ್ತು ಮುಚ್ಚಿದ್ರೆ ಈ ವರ್ಷಕ್ಕೂ ಮೊಣಕಾಲಿನಷ್ಟು ನೀರು ಸಿಗ್ತದೆ, ಡಿಸೆಂಬರಿನಲ್ಲಿ ಮುಚ್ಚಿದ್ರೆ ಬರುವ ಜೂನ್ ವರೆಗೆ ಒಣ ಕಲ್ಲು. ಪಳ್ಳದ ಅಂಚಿನ ಇಂಟರ್‌ಲಾಕ್ ತೆಗೆದು ಹಳೆಯ ಹಾಗೆ ಒರಟು ಕಲ್ಲು ಬಿಡಿ, ಗೇಟಿನಿಂದ ಗೋಳಿಮರದ ವರೆಗೆ ಹಾಕಿದ್ದು ಇದ್ರೂ ತೊಂದರೆ ಇಲ್ಲ, ಅಲ್ಲಿ ನೀರು ನಿಲ್ಲುವುದಿಲ್ಲ, ವೀಲ್‌ಚೇರಿನವರಿಗೂ ಅನುಕೂಲ, ಪಾಚಿ ಮಾತ್ರ ಆಗಾಗ ಉಜ್ಜಿಸಬೇಕು. ಪಳ್ಳ ದಾಟಲೇಬೇಕು ಅಂತಿದ್ರೆ ಕಂಬದ ಮೇಲೆ ಹಲಗೆ ಹಾಸಿ ದಾರಿ ಮಾಡಿ, ನೀರು ಅಡಿಯಲ್ಲಿ ಇರಲಿ, ಜನ ಮೇಲೆ ನಡೆಯಲಿ. ರಾತ್ರಿ ಆ ಲೈಟುಗಳನ್ನು ಆರಿಸಿ, ಕತ್ತಲಾದ ಮೇಲೆ ಅಲ್ಲಿ ನಡೆಯುವವರು ಯಾರೂ ಇಲ್ಲ. ಮದ್ದು ಹೊಡೆಯುವುದು ಇನ್ನು ಬೇಡ, ಆ ದಿನ ಹೊಡೆದದ್ದು ಯಾವುದು ಅಂತ ನಮಗೆ ಲಿಖಿತವಾಗಿ ತಿಳಿಸಿ, ನಾವು ಆ ನೀರು ಕುಡಿಯುವವರು. ಬೋರ್ಡಿನಲ್ಲಿ ಕನ್ನಡ ಬರಲಿ, ಪಳ್ಳಕ್ಕೆ ಪಳ್ಳ ಅಂತಲೇ ಹೆಸರು ಇರಲಿ.

ಕಣಿ ಮುಚ್ಚಲಿಕ್ಕೆ ಟೆಂಡರ್ ಬೇಕು, ಫಂಡ್ ಬೇಕು, ಮಾರ್ಚ್ ಆಗಬೇಕು ಅಂತ ಹೇಳಬೇಡಿ. ನಮ್ಮ ಕಡೆ ತೋಡಿಗೆ ಕಟ್ಟ, ಅಂದ್ರೆ ಒಡ್ಡು, ಕಟ್ಟುವುದು ಅಜ್ಜಂದಿರ ಕಾಲದಿಂದ ಬಂದ ಕೆಲಸ, ಅಡಿಕೆ ಮರದ ಸೀಳು, ಕಾಡುಕಲ್ಲು, ಮಣ್ಣು, ಸೊಪ್ಪು ಇದ್ರೆ ಆಯ್ತು, ಆ ಕೆಲಸ ಗೊತ್ತಿರುವವರು ಬೈಲಿನಲ್ಲಿ ಏಳು ಜನ ಇದ್ದಾರೆ, ಎಲ್ಲರ ಹತ್ರ ಮಾತಾಡಿ ಆಗಿದೆ. ನಿಮ್ಮಿಂದ ಬೇಕಾದದ್ದು ಅನುಮತಿ ಒಂದೇ. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾವು ಗೇಟಿನ ಹತ್ರ ಹಾರೆ ಪಿಕಾಸು ಬುಟ್ಟಿ ಹಿಡ್ಕೊಂಡು ಇರ್ತೇವೆ. ನೀವೂ ಬನ್ನಿ, ಮೆಂಬರೂ ಬರಲಿ, ಕೃಷಿ ಆಫೀಸರನ್ನೂ ಕರೀರಿ, ಕೆಲಸ ಶುರು ಮಾಡುವ ಮೊದಲು ಒಟ್ಟಿಗೆ ಒಂದು ಸುತ್ತು ನಡೆಯುವ, ನಲವತ್ತು ನಿಮಿಷ ಸಾಕು. ಅತ್ತೆಯ ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ, ಆದ್ರೂ ಬರ್ತೇನೆ ಅಂದಿದ್ದಾರೆ, ಕೋಡಿಯ ಕಲ್ಲು ಮೊದಲು ಎಷ್ಟು ಎತ್ತರ ಇತ್ತು ಅಂತ ಸರಿಯಾಗಿ ಹೇಳಲಿಕ್ಕೆ ಗೊತ್ತಿರುವುದು ಅವರಿಗೇ.

ಇತಿ ನಿಮ್ಮ ವಿಶ್ವಾಸಿ,
ಪದವಿನ ಕೆಳಗಿನ ಬೈಲಿನ ಒಬ್ಬಳು ನಿವಾಸಿ, ಕಾಸರಗೋಡು ಜಿಲ್ಲೆ